ಸಿಂಬಲ್ ಬಿಚ್ಚಿಟ್ಟ ಮೇಷ್ಟ್ರು

ಮೇಷ್ಟ್ರ ಬಲಗೈ ಹೆಬ್ಬೆರಳಿನ ಚರ್ಮ ಹಳೇ ಚಪ್ಪಲಿಯ ಅಟ್ಟೆ ಥರ ಗಟ್ಟಿ. ನಾವು ಬಟ್ಟೆ ಸುತ್ತಿ ಹಿಡಿಯುವ ಕಾಫಿ ಲೋಟವನ್ನು ಅವರು ಬರಿಗೈಲಿ ಎತ್ತಿ ಆರಾಮಾಗಿ ಹೀರೋರು. ಹರೆಯದಿಂದ ಡ್ರಮ್ ಕಡ್ಡಿ ಉಜ್ಜಿದ ಬೆರಳು ಅದು.

ಐರ್ಲೆಂಡಿನವರು. ಜಪಾನಿನ ಹಮಾಮತ್ಸುವಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಬೀದಿಗೆಲ್ಲ ಸೆನ್ಸೇ, ನಮ್ಮ ಮನೆಗೆ ಮೇಷ್ಟ್ರು. ಕಂಪನಿ ಕಳಿಸಿದ ಕೆಲಸ ಮುಗಿದಾಗ ನಾನು ಬೆಂಗಳೂರಿಗೆ ವಾಪಸಾಗದೆ ಇಲ್ಲೇ ಹಳೇ ವಾದ್ಯಗಳ ಅಂಗಡಿ ತೆರೆದೆ. ಚೌಕಾಸಿ ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ. ಮೇಷ್ಟ್ರು ಪ್ರತಿ ಶನಿವಾರ ಬಂದು ಒಂದೊಂದು ಡ್ರಮ್ಮನ್ನೂ ತಟ್ಟಿ ತೋರಿಸೋರು. “ಮೊದಲು ಕಿವಿ ಕೊಡು, ಆಮೇಲೆ ಬಾಯಿ ಬಿಡು.” ನನ್ನ ಅಂಗಡಿ ನಿಂತದ್ದು ಆ ಮಾತಿನ ಮೇಲೆ. ವ್ಯಾಪಾರಕ್ಕೆ ಇಳಿಯೋರಿಗೆ ನಾನೂ ಅದನ್ನೇ ಹೇಳ್ತೀನಿ.

ಇನ್ನೊಂದನ್ನೂ ಹೇಳ್ತೀನಿ. ಇದು ಅವರು ಕಲಿಸಿದ್ದಲ್ಲ, ಅವರ ಗತಿ ನೋಡಿ ಕಲಿತದ್ದು. ನೀವು ಮಾಡಿದ್ದು ನಿಮ್ಮದು ಅಂತ ಮೊದಲ ದಿನವೇ ಬರೆಸಿಕೊಳ್ಳಿ.

ಹರೆಯದಲ್ಲಿ ಅವರೂ ಮೂವರು ಗೆಳೆಯರೂ ತಮ್ಮೂರಲ್ಲಿ ಬ್ಯಾಂಡ್ ಕಟ್ಟಿದರು. ಪೋಸ್ಟ್-ಪಂಕ್ ಅಂತಾರೆ, ಪಂಕ್‌ನವರ ಕಿರುಚಾಟ ಇಳಿದ ಮೇಲೆ ಬಂದ ಒಣ, ಚೂಪು ಸಂಗೀತ. ಅಭ್ಯಾಸಕ್ಕೆ ಸಿಕ್ಕಿದ್ದು ಬೇಕರಿ ಮೇಲಿನ ಕೋಣೆ. ರಾತ್ರಿಯೆಲ್ಲ ಬ್ರೆಡ್ ಬೇಯಿಸಿ ಹಗಲು ಮಲಗುವ ಬೇಕರಿಯವನು ಸಿಂಬಲ್ ಝಣ್ ಅಂದರೆ ಸಾಕು, ಮೆಟ್ಟಿಲು ಹತ್ತಿ ಬಂದು ಬೈಯುತ್ತಿದ್ದ. ಮೇಷ್ಟ್ರು ಆ ಹಿತ್ತಾಳೆ ತಟ್ಟೆಗಳನ್ನೇ ಬಿಚ್ಚಿಟ್ಟರು. ಉಳಿದದ್ದು ಬರೀ ದಬ್ ದಬ್. ಅವಿತುಕೊಳ್ಳಲು ಸಿಂಬಲ್ಲಿನ ಸದ್ದಿಲ್ಲದೆ ಗಿಟಾರಿನವನು ಕತ್ತರಿ ಆಡಿಸಿದ ಹಾಗೆ ತಂತಿ ಮೀಟಿದ, ಹಾಡುವವನು ಹಾಡು ಬಿಟ್ಟು ಮಾತಾಡಿದ. ಬ್ಯಾಂಡ್ ಹೆಸರಾದದ್ದೇ ಅದಕ್ಕೆ.

ನಾಲ್ವರಲ್ಲಿ ಒಂದು ಕಟ್ಟಳೆ ಇತ್ತು. “ಇದು ನಂದು” ಅನ್ನೋ ಹಾಗಿಲ್ಲ, ಕೋಣೆಯಲ್ಲಿ ಹುಟ್ಟಿದ್ದೆಲ್ಲ ಎಲ್ಲರದು. ಎಂಥಾ ಹುಚ್ಚು! ಅಪ್ಪನಿಗೆ ಲಕ್ವ ಹೊಡೆದು ಮೇಷ್ಟ್ರು ಊರಲ್ಲೇ ಉಳಿದಾಗ ಬ್ಯಾಂಡ್ ಇನ್ನೊಬ್ಬ ಡ್ರಮ್ಮರನ್ನು ಹಾಕಿಕೊಂಡು ಲೋಕ ಸುತ್ತಿತು. ಬಡಿತ ಇವರದೇ, ಹೆಸರು ಮಾತ್ರ ಎಲ್ಲೂ ಇಲ್ಲ.

ಹೋದ ವರ್ಷ ಆ ಬ್ಯಾಂಡಿನವರು ಕಾರ್ಯಕ್ರಮ ಕೊಡಲು ನಗೋಯಾಗೆ ಬಂದರು. ನಾನು, ಮಗಳು, ಮೇಷ್ಟ್ರು ಹೋಗಿ ಹಿಂದಿನ ಸಾಲಲ್ಲಿ ಕೂತೆವು. ನಡುವೆ ಗಿಟಾರಿನವನು ಮೈಕ್ ಹಿಡಿದು ಬೇಕರಿಯವನ ಕಥೆ ಶುರು ಮಾಡಿದ. “ಆಗ ನನಗೆ ಹೊಳೀತು, ಸಿಂಬಲ್ ತೆಗೆದುಬಿಡೋಣ ಅಂತ!” ಜನ ಚಪ್ಪಾಳೆ ತಟ್ಟಿದರು.

ನನ್ನ ಮೈ ಉರಿದುಹೋಯಿತು. “ಲೋ ಸುಳ್ಳಾ!” ಅಂತ ಕನ್ನಡದಲ್ಲೇ ಎದ್ದೆ.

ಮಗಳು “ಅಪ್ಪಾ, ಯಮೆತೆ, ಸಾಕು ಬಿಡು! ಎಲ್ಲಾರೂ ನೋಡ್ತಿದಾರೆ” ಅಂತ ತೋಳು ಹಿಡಿದಳು. ಮೇಷ್ಟ್ರು ನನ್ನ ಬೆಲ್ಟ್ ಹಿಡಿದು ಜಗ್ಗಿದರು. “ಕೂತ್ಕೊ ಮಾರಾಯ. ಬಡಿತ ಸರಿಯಾಗಿದೆ, ಕೇಳು.”

“ಬಡಿತ ನಿಮ್ದು ಮೇಷ್ಟ್ರೇ!”

“ಕೋಣೇದು,” ಅಂದರು. ಆದರೆ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಆ ಹೆಬ್ಬೆರಳು ನಿಂತುಹೋಗಿತ್ತು. ನನ್ನ ಸಿಟ್ಟು ಅವತ್ತಿಂದ ಆರಿಲ್ಲ.

ಚಳಿಗಾಲದಲ್ಲಿ ಕ್ಯಾನ್ಸರ್ ಅವರನ್ನು ಒಯ್ದಿತು. ಊರಿಂದ ಹೊತ್ತು ತಂದಿದ್ದ, ಬೇಕರಿ ಕೋಣೆಯ ಆ ಹಳೇ ಡ್ರಮ್ ಸೆಟ್ಟನ್ನು ನನಗೆ ಬಿಟ್ಟುಹೋದರು. ಸುದ್ದಿ ಹೇಗೆ ಮುಟ್ಟಿತೋ, ಬ್ಯಾಂಡಿನವರ ಕಡೆಯಿಂದ ಫೋನ್ ಬಂತು. ಬ್ಯಾಂಡಿನ ಹಳೇ ಸಾಮಾನುಗಳ ಪ್ರದರ್ಶನದಲ್ಲಿ ಅದನ್ನು ಇಡಬೇಕಂತೆ, ಬೆಲೆ ನಾನೇ ಹೇಳಬೇಕಂತೆ.

ಮೊದಲು ಕಿವಿ ಕೊಟ್ಟೆ. ಆಮೇಲೆ ಬಾಯಿ ಬಿಟ್ಟೆ. “ಒಂದು ಕಾಸೂ ಬೇಡ. ಸಿಂಬಲ್ ಬಿಚ್ಚಿಟ್ಟವರು ಇವರು ಅಂತ ಡ್ರಮ್ಮಿನ ಪಕ್ಕ ಹೆಸರು ಹಾಕಿ, ಪುಕ್ಕಟೆ ಕಳಿಸ್ತೀನಿ.”

“ಅದು ಆಗಲ್ಲ. ನಮ್ಮಲ್ಲೊಂದು ಕಟ್ಟಳೆ ಇದೆ, ಕೋಣೆಯಲ್ಲಿ ಹುಟ್ಟಿದ್ದೆಲ್ಲ ಎಲ್ಲರದು.”

ವೇದಿಕೆ ಮೇಲೆ ‘ನನಗೆ ಹೊಳೀತು’ ಅಂದವರ ಬಾಯಲ್ಲಿ ಈ ಮಾತು! ಫೋನ್ ಇಟ್ಟೆ.

ಈಗ ಆ ಡ್ರಮ್ ಅಂಗಡಿಯ ಮುಂದಿನ ಗಾಜಿನೊಳಗಿದೆ. ಮಗಳು ಜಪಾನಿಯಲ್ಲೂ ಇಂಗ್ಲಿಷಿನಲ್ಲೂ ಫಲಕ ಬರೆದಳು, ಕನ್ನಡದ್ದು ನಾನು ಬರೆದೆ: ಸಿಂಬಲ್ ಬಿಚ್ಚಿಟ್ಟವರ ಡ್ರಮ್, ಮಾರಾಟಕ್ಕಿಲ್ಲ. ಕೆಳಗೆ ಅವರ ಪೂರ್ತಿ ಹೆಸರಿದೆ. ಓದಬೇಕಾದರೆ ಅಂಗಡಿಗೆ ಬನ್ನಿ. ಮಿಕ್ಕಿದ್ದಕ್ಕೆಲ್ಲ ಚೌಕಾಸಿ ಮಾಡೋಣ.