ಉಕ್ಕಬಾರದ ಗ್ಲಾಸು

ಅಕ್ಕಿಆಲೂರಿನ ಸಂತೆಯ ದಿನ ನನ್ನ ಸೋಡಾ ಅಂಗಡಿಗೆ ಬಾಯಾರಿ ಬರುವವರು ಎಷ್ಟೋ, ಸುಮ್ಮನೆ ನೋಡಲು ಬರುವವರೂ ಅಷ್ಟೇ. ಗ್ಲಾಸಿಗೆ ಲಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ, ಗೋಲಿ ಬಾಟಲಿಯನ್ನು ತಲೆಯ ಮಟ್ಟಕ್ಕೆ ಎತ್ತಿ ಸುರಿದು, ಚಮಚದಿಂದ ಒಂದು ಏಟು ತಿರುವಿದರೆ ನೊರೆ ಸರ್ರನೆ ಎದ್ದು ಗ್ಲಾಸಿನ ಕಂಠ ದಾಟಿ ಕೈಮೇಲೆ ಹರಿಯಬೇಕು. ಗಿರಾಕಿ ಗಡಿಬಿಡಿಯಲ್ಲಿ ಬಗ್ಗಿ ಬಾಯಿ ಹಚ್ಚಬೇಕು. ಉಕ್ಕದಿದ್ದರೆ ಅದನ್ನು ನಮ್ಮ ಕಡೆ ಯಾರೂ ಸೋಡಾ ಅನ್ನುವುದಿಲ್ಲ.

ಆರನೇ ತರಗತಿ ಮುಗಿಯುವ ಮೊದಲೇ ನಾನು ಶಾಲೆ ಬಿಟ್ಟವನು. ಬಿಡಿಸಿದರು ಅಂತ ಯಾರ ಮೇಲೂ ಹಾಕುವುದಿಲ್ಲ, ನಾನೇ ಬಿಟ್ಟೆ. ಸವಣೂರಿನಲ್ಲಿ ಒಬ್ಬ ಉಸ್ತಾದರ ಸೋಡಾ ಕಾರ್ಖಾನೆಯಲ್ಲಿ ಬಾಟಲಿ ತೊಳೆಯುವುದರಿಂದ ಸುರು ಮಾಡಿ ಗ್ಯಾಸ್ ತುಂಬುವವರೆಗೆ ಎಂಟು ವರ್ಷ ಕಲಿತೆ. ಹೊರಟು ನಿಂತಾಗ ಅವರು ತಮ್ಮ ಹಳೆಯ ಯಂತ್ರವನ್ನೇ ಬಂಡಿಗೆ ಹೇರಿಸಿ ಕಳಿಸಿದರು. ಆ ಯಂತ್ರದ ಮೇಲೆ ಮನೆ ಕಟ್ಟಿದ್ದೇನೆ, ಮಗಳನ್ನು ಹುಬ್ಬಳ್ಳಿಯಲ್ಲಿಟ್ಟು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿಸಿದ್ದೇನೆ. ಹೇಳಿಕೊಳ್ಳುವಂಥದ್ದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆ ಮಗಳು ಕಳೆದ ಬೇಸಿಗೆಯಲ್ಲಿ ಒಂದು ಮಂಗಳವಾರ ಹೇಳದೆ ಕೇಳದೆ ಬಸ್ಸಿಳಿದು ಬಂದಳು. ಊಟಕ್ಕೆ ಕುಳಿತಾಗ ತಾಯಿ ಕೆದಕಿ ಕೆದಕಿ ಕೇಳಿದ ಮೇಲೆ ವಿಷಯ ಹೊರಬಿತ್ತು. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವಳು ಫೇಲಾಗಿದ್ದಳು. ಮುಂದಿನ ಸೋಮವಾರ ಇನ್ನೊಂದೇ ಅವಕಾಶ. ಅದೂ ಹೋದರೆ ಮಂಗಳೂರಿನ ದೊಡ್ಡ ಹೋಟೆಲಿನಲ್ಲಿ ಅವಳಿಗೆಂದೇ ನಿಗದಿಯಾಗಿದ್ದ ಆರು ತಿಂಗಳ ತರಬೇತಿ ಬೇರೆಯವರ ಪಾಲು. ಪಾತ್ರೆ ಹಿಡಿಯುವುದು, ಬಡಿಸುವುದು, ಅಡಿಗೆ, ಎಲ್ಲದರಲ್ಲೂ ಪಾಸಾದವಳನ್ನು ಒಂದು ಗ್ಲಾಸು ಕೆಡವಿತ್ತು.

ಅದು ಒಂದು ಫಾರಿನ್ ಶರಬತ್ತು ಅಂತ ಮೊದಲು ತಿಳಿದಿದ್ದೆ. ಅವಳು ಬಿಡಿಸಿ ಹೇಳಿದಳು. ಹೆಸರು ಸ್ಪ್ರಿಟ್ಜ್. ಗುಳ್ಳೆ ಏಳುವ ಬಿಳಿ ವೈನು ಮೂರು ಪಾಲು, ಕಿತ್ತಳೆ ಸಿಪ್ಪೆಯ ಕಹಿರಸ ಎರಡು ಪಾಲು, ಕೊನೆಗೆ ಒಂದು ಪಾಲು ಸೋಡಾ. ಅರ್ಧ ಕಹಿ, ಅರ್ಧ ಸಿಹಿ, ಹಗುರ. ಊಟಕ್ಕೆ ಮುಂಚೆ ಹಸಿವು ಕೆರಳಿಸಲು ಕುಡಿಯುವಂಥದ್ದು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಪಾಲೊಂದೇ. ಸೋಡಾ ಇರುವ ಪರೀಕ್ಷೆಯಲ್ಲಿ ನನ್ನ ಮಗಳು ಫೇಲು. ಕಾಲೇಜಿನ ಸೋಡಾ ಸರಿಯಿರಲಿಕ್ಕಿಲ್ಲ, ಪ್ಲಾಸ್ಟಿಕ್ ಬಾಟಲಿಯದನ್ನು ಕೊಟ್ಟಿರಬೇಕು ಎಂದು ಬೈದೆ. ಅವಳು ರೊಟ್ಟಿ ಮುರಿದಳು.

ಮರುದಿನ ನಾನೇ ಹಾನಗಲ್ಲಿಗೆ ಹೋದೆ. ಅಲ್ಲಿಯ ಒಂದು ವೈನ್ ಶಾಪಿಗೆ ನನ್ನ ಸೋಡಾ ಹೋಗುತ್ತದೆ, ಆದರೆ ನಾನು ಕುಡಿಯುವವನಲ್ಲ, ಅದರ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಗುಳ್ಳೆ ಇರುವ ವೈನು ಕೊಡು ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಗುಳ್ಳಿ ಬೇಕಂದ್ರ ಬೀರ್ ಒಯ್ರಿ, ಕಾಕಾ. ವೈನಿಗೆ ಗುಳ್ಳಿ ಬಂತಂದ್ರ ಅದು ಕೆಟ್ಟೇತಿ ಅಂತನ ಅರ್ಥ.”

ಬರಿಗೈಯಲ್ಲಿ ಬಸ್ಸು ಹತ್ತಿದೆ. ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಅಲ್ಲಿ ನನ್ನನ್ನು ಕಂಡು ನನಗಿಂತ ಮೊದಲಿನ ಬಸ್ಸಿನಲ್ಲಿ ಹೋಗಿದ್ದಳೆಂದು ಕಾಣುತ್ತದೆ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಹೊಸ್ತಿಲಲ್ಲೇ ನಿಂತಿದ್ದಳು. “ಇಷ್ಟ ವರ್ಷ ಕುಡಿಯೋರಿಗೆ ಸೋಡಾ ಕೊಟ್ರಿ. ಈಗ ಸೋಡಾ ಬಿಟ್ಟು ಉಳಿದದ್ದನ್ನೂ ನೀವ ಸುರು ಮಾಡೀರೇನ್ರಿ?” ಅಂದಳು. ಒಳಗಿದ್ದ ಮಗಳು ಊರಿಗೆ ಬಂದ ಮೇಲೆ ಮೊದಲ ಸಲ ನಕ್ಕಳು. ಆ ನಗು ಕೇಳಿ ನಾನು ಬೈಸಿಕೊಂಡದ್ದನ್ನು ಮರೆತೆ.

ಗುರುವಾರ ಬೆಳಗಿನ ಬಸ್ಸಿಗೆ ಮಗಳೇ ಹುಬ್ಬಳ್ಳಿಗೆ ಹೋಗಿ ಒಂದು ಬಾಟಲಿ ತಂದಳು. ಒಂದೇ ಒಂದು. ತಡಸದಿಂದ ಈಚೆ ರಸ್ತೆ ಹೇಗಿದೆಯೆಂದು ಆ ದಾರಿಯ ಬಸ್ಸು ಹತ್ತಿದವರಿಗೆಲ್ಲ ಗೊತ್ತು. ಅಷ್ಟು ದೂರ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು, ಆದರೂ ಬಾಟಲಿ ಕುಲುಕಾಡಿತ್ತು. ಅವಳು ಅವತ್ತೇ ತೆರೆಯೋಣ ಅಂದಳು. ನಾನು ಮುಟ್ಟಗೊಡಲಿಲ್ಲ. ಕುಲುಕಿದ ಗ್ಯಾಸು ಸಿಟ್ಟಿನಲ್ಲಿರುತ್ತದೆ, ಅದಕ್ಕೆ ತಂಪು ಬೇಕು, ನಿದ್ದೆ ಬೇಕು. ರವಿವಾರದವರೆಗೆ ಬಾಟಲಿ ಫ್ರಿಜ್ಜಿನಲ್ಲಿ ಮಜ್ಜಿಗೆ ತಂಬಿಗೆಯ ಪಕ್ಕ ನಿಂತಿತು. ನನ್ನಾಕೆ ಅದರ ಮೇಲೆ ಒಂದು ಟವೆಲ್ ಹೊದಿಸಿಟ್ಟಳು, ಬಂದವರ ಕಣ್ಣಿಗೆ ಬೀಳದಿರಲಿ ಎಂದು.

ಅಲ್ಲಿಯವರೆಗೆ ಬರೀ ಸೋಡಾದಲ್ಲಿ ಕೈ ತಾಲೀಮು ಮಾಡು ಅಂದೆ. ಅವತ್ತೇ ಇಳಿಹೊತ್ತಿನಲ್ಲಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳು ತನ್ನ ಉದ್ದ ಕಾಲಿನ ಗ್ಲಾಸು ಇಟ್ಟಳು. ಬಾಟಲಿಯನ್ನು ಎತ್ತಿದಳು. ತಲೆಯ ಮಟ್ಟಕ್ಕೆ. ಒಂದೇ ಧಾರೆ, ಒಂದು ಹನಿ ಆಚೀಚೆ ಇಲ್ಲ. ಚಮಚ ಇಳಿಸಿ ಮಣಿಕಟ್ಟು ತಿರುವಿದಳು. ನೊರೆ ಎದ್ದು ಕಲ್ಲೆಲ್ಲ ಬೆಳ್ಳಗಾಯಿತು. ನನಗೆ ಎದೆ ತುಂಬಿ ಬಂತು. ಚಿಕ್ಕಂದಿನಲ್ಲಿ ರಜೆಯಲ್ಲಿ ಬಾಟಲಿಯ ಕ್ರೇಟಿನ ಮೇಲೆ ನಿಲ್ಲಿಸಿ ನಾನು ಕಲಿಸಿದ ಕೈ. ಶಾಬಾಸ್, ಇದಕ್ಕೆ ಯಾವ ಮಾಸ್ತರ ಫೇಲು ಮಾಡಿದ ಎಂದು ಕೇಳಿದೆ.

“ಅಪ್ಪಾ, ಇದಕ್ಕ ಫೇಲಾದೆ,” ಅಂದಳು. “ಅರ್ಧ ಟೇಬಲ್ ಮ್ಯಾಲ ಹೋತು, ಉಳಿದರ್ಧದಾಗ ಗುಳ್ಳಿನ ಇರಲಿಲ್ಲ. ಉಕ್ಕಿಸಬಾರದು ಅಂತ ನನಗ ಗೊತ್ತೈತಿ. ಕೈಗೆ ಗೊತ್ತಿಲ್ಲ.”

ಗ್ಲಾಸು ತೊಳೆಯುವ ನೆವ ಮಾಡಿ ನಾನು ಎದ್ದು ಹೋದೆ. ಎರಡು ವರ್ಷ ಮೇಷ್ಟ್ರುಗಳು ಕಲಿಸಿದ್ದನ್ನು ನನ್ನ ಕ್ರೇಟಿನ ಪಾಠ ಒಂದು ಕ್ಷಣದಲ್ಲಿ ಅಳಿಸಿತ್ತು. ಪರೀಕ್ಷೆಯ ಗಾಬರಿಯಲ್ಲಿ ತಲೆ ನಿಂತಾಗ ಕೈ ತನಗೆ ಗೊತ್ತಿದ್ದನ್ನು ಮಾಡಿತ್ತು. ಮೂರು ದಿನದಿಂದ ಅವಳು ಕಾರಣ ಹೇಳದಿದ್ದದ್ದು ನನ್ನ ಮುಖ ನೋಡಿ ಎಂದು ಆಗ ತಿಳಿಯಿತು.

ನನಗೆ ಗೊತ್ತಿಲ್ಲ ಅನ್ನುವುದು ನನ್ನ ಬಾಯಿಂದ ಸುಲಭಕ್ಕೆ ಬರುವ ಮಾತಲ್ಲ. ಆದರೂ ಸಂಜೆ ಸವಣೂರಿನ ಉಸ್ತಾದರಿಗೆ ಫೋನ್ ಹಚ್ಚಿದೆ. ಈಗ ಅವರು ಕಾರ್ಖಾನೆ ಮಕ್ಕಳಿಗೆ ಬಿಟ್ಟು ವೀಳ್ಯದ ಎಲೆಬಳ್ಳಿ ನೋಡಿಕೊಂಡಿದ್ದಾರೆ. ಗ್ಯಾಸು ಹೊರಗೆ ಬರದಂತೆ ಸುರಿಯುವುದು ಹೇಗೆ ಎಂದು ಕೇಳಿದೆ. ಯಾವುದರ ಗ್ಯಾಸು ಎಂದು ಕೇಳಿದರು. ನಾನು ತೊದಲಿದೆ.

“ಬಾಟ್ಲಿಯೊಳಗ ಏನೈತಿ ಅಂತ ನಾ ಕೇಳಂಗಿಲ್ಲ, ನೀ ಹೇಳಬ್ಯಾಡ. ಗ್ಯಾಸಿನ ಮಾತಷ್ಟ ಆಡೂಣು,” ಅಂದರು ಉಸ್ತಾದರು.

ಆಮೇಲೆ ಅರ್ಧ ತಾಸು ಗ್ಯಾಸಿನ ಮಾತು ಆಡಿದರು. ಎಲ್ಲ ನನಗೆ ಗೊತ್ತಿದ್ದದ್ದೇ, ನಾನು ತಿರುಗಿಸಿ ನೋಡಿರಲಿಲ್ಲ ಅಷ್ಟೇ. ಸೋಡಾ ಉಕ್ಕಿಸಲು ನಾವು ಏನೇನು ಮಾಡುತ್ತೇವೋ ಅದೆಲ್ಲ ಗ್ಯಾಸನ್ನು ಓಡಿಸುವ ಉಪಾಯ. ಎತ್ತರ, ಉಪ್ಪು, ಬಿಸಿ, ತಿರುವುವುದು. ಗ್ಲಾಸನ್ನು ಬಟ್ಟೆಯಿಂದ ಒರೆಸಿದರೂ ಓಡುತ್ತದೆ, ಬಟ್ಟೆಯ ನೂಲೆಳೆ ಒಳಗೆ ಉಳಿದರೆ ಗುಳ್ಳೆಯೆಲ್ಲ ಅದನ್ನೇ ಹಿಡಿದು ಏಳುತ್ತದೆ. ಕೊನೆಗೆ ಇನ್ನೊಂದು ಮಾತು ಹೇಳಿದರು. ಮೊದಲ ಗುಟುಕು ಬಾಯಾರಿಕೆಯದು, ಅದನ್ನು ನಂಬಬೇಡ. ನೀನು ಹೇಳದೆಯೇ ಗಿರಾಕಿ ಎರಡನೆಯ ಗುಟುಕು ತೆಗೆದುಕೊಂಡನೋ ಇಲ್ಲವೋ ಅದನ್ನು ನೋಡು.

ಶುಕ್ರವಾರ, ಶನಿವಾರ ಮಧ್ಯಾಹ್ನ ಎರಡು ತಾಸು ಅಂಗಡಿಯ ಬಾಗಿಲು ಎಳೆದುಕೊಂಡೆ. ಹಿತ್ತಲಲ್ಲಿ ಅಪ್ಪ ಮಗಳು ಇಬ್ಬರೂ ಕೂತು ಕಲಿತಿದ್ದನ್ನು ಮರೆಯುವ ಪಾಠ ಸುರು ಮಾಡಿದೆವು. ಗ್ಲಾಸು ತೊಳೆದು ಬೋರಲು ಹಾಕಿ ಗಾಳಿಗೆ ಒಣಗಿಸುವುದು. ಮೊದಲು ತಂಪಿಗೆ ಬರ್ಫದ ಗಡ್ಡೆ. ಗ್ಲಾಸು ಓರೆ, ಬಾಟಲಿಯ ಬಾಯಿ ಗ್ಲಾಸಿಗೆ ತಾಗುವಷ್ಟು ಹತ್ತಿರ. ಚಮಚ ತಳಕ್ಕಿಳಿಸಿ ಒಂದೇ ಸಲ ಮೇಲೆತ್ತುವುದು, ತಿರುವುವುದಿಲ್ಲ. ಹೇಳುವುದು ಸುಲಭ. ನಾನು ಮಾಡಿ ತೋರಿಸುತ್ತೇನೆ ನೋಡು ಎಂದು ಬಾಟಲಿ ಹಿಡಿದರೆ ನನ್ನ ಕೈಯೂ ತಾನೇ ಮೇಲೇರಿತು. ಕಲ್ಲು ಮತ್ತೆ ಬೆಳ್ಳಗಾಯಿತು. “ಬರ್ರಿ ಮಾಸ್ತರ, ನೀವೂ ಫೇಲು,” ಅಂದಳು ಮಗಳು. ನನ್ನ ಮೊಣಕೈಯನ್ನು ಪಕ್ಕೆಗೆ ಸೇರಿಸಿ ತನ್ನ ದುಪಟ್ಟಾದಿಂದ ಕಟ್ಟಿದಳು. ಆಮೇಲೆ ಅದೇ ದುಪಟ್ಟಾದಿಂದ ತನ್ನದನ್ನೂ ಕಟ್ಟಿಸಿಕೊಂಡಳು. ಮೊಣಕೈ ಏಳದಿದ್ದರೆ ಬಾಟಲಿ ಏಳುವುದಿಲ್ಲ. ಶನಿವಾರ ಸಂಜೆಗೆ ದುಪಟ್ಟಾ ಬಿಚ್ಚಿದರೂ ಕೈ ಕೆಳಗೇ ಇತ್ತು.

ಕಹಿರಸದ ಫಾರಿನ್ ಬಾಟಲಿ ಕಾಲೇಜಿನಲ್ಲಿ ಕೊಡುತ್ತಾರೆ, ಮನೆಯಲ್ಲಿ ಎಲ್ಲಿಂದ ತರುವುದು. ಮಗಳು ಕಿತ್ತಳೆ ಸಿಪ್ಪೆಯನ್ನು ಸಕ್ಕರೆ ನೀರಿನಲ್ಲಿ ಕುದಿಸತೊಡಗಿದಳು. ಹೊಸ್ತಿಲಾಚೆಯಿಂದ ನೋಡುತ್ತಿದ್ದ ನನ್ನಾಕೆ ಎಷ್ಟು ಹೊತ್ತು ತಡೆದಾಳು. ಮನೆಯಲ್ಲಿ ವೈನು ಬೇಡವೆಂದು ಮೂರು ದಿನ ಮಾತು ಬಿಟ್ಟವಳಿಗೆ ಕೆಟ್ಟ ಕಷಾಯ ನೋಡಲಾಗಲಿಲ್ಲ. ಸೌಟು ಕಸಿದುಕೊಂಡಳು. ಹಿರೇಕೆರೂರಿನ ತವರಿಂದ ಬಂದಿದ್ದ ಕಂಚಿಕಾಯಿಯ ಸಿಪ್ಪೆ ಸೇರಿಸಿದಳು, ಕೆಂಪು ಬಣ್ಣಕ್ಕೆ ಎರಡು ಮುರುಗಲ, ಅಂದರೆ ಕೋಕಂ ಸಿಪ್ಪೆ ಹಾಕಿದಳು. ಕೊನೆಗೆ ಡಬ್ಬಿಯಿಂದ ಕಿರಾತಕಡ್ಡಿ ತೆಗೆದಳು. ಜ್ವರ ಬಂದಾಗ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಕಡ್ಡಿ. ಮಗಳು ಎರಡು ಹೆಜ್ಜೆ ಹಿಂದೆ ಸರಿದಳು.

“ಓಡಬ್ಯಾಡ. ಕಹಿ ಬೇಕಂದ್ಯಲ್ಲ, ಕಹಿ ಅಂದ್ರ ಇದು,” ಅಂದಳು ತಾಯಿ.

ರವಿವಾರ ಊಟಕ್ಕೆ ಮುಂಚೆ ಬಾಟಲಿ ಹೊರಗೆ ಬಂತು. ಹೆಬ್ಬೆರಳಿನಿಂದ ಬೂಚು ಹಾರಿಸಲು ಹೊರಟವಳನ್ನು ತಡೆದೆ. ಬೂಚು ಗಟ್ಟಿಯಾಗಿ ಹಿಡಿ, ಬಾಟಲಿಯನ್ನು ತಿರುಗಿಸು ಅಂದೆ. ಢಬ್ ಅನ್ನಲಿಲ್ಲ. ದಣಿದವರು ಕಟ್ಟೆಯ ಮೇಲೆ ಕೂತಾಗ ಬಿಡುವ ಉಸಿರಿನಂಥ ಸದ್ದು, ಅಷ್ಟೇ. ಅವಳು ಬರ್ಫದ ಮೇಲೆ ವೈನು ಇಳಿಸಿದಳು, ತಾಯಿಯ ಕಹಿರಸ ಹಾಕಿದಳು, ನನ್ನ ಸೋಡಾ ಒಂದಿಷ್ಟು. ಚಮಚ ಒಮ್ಮೆ ಎತ್ತಿದಳು. ಗ್ಲಾಸಿನಲ್ಲಿ ಸಂಜೆಯ ಬಣ್ಣ ತುಂಬಿ, ಸಣ್ಣ ಗುಳ್ಳೆಗಳು ಸಾಲು ಹಿಡಿದು ಸಾವಕಾಶ ಮೇಲೆ ಬರುತ್ತಿದ್ದವು. ಕಲ್ಲಿನ ಮೇಲೆ ಒಂದು ಹನಿ ಇರಲಿಲ್ಲ. ಹಾಗೇ ಇನ್ನೂ ನಾಲ್ಕು ಗ್ಲಾಸು ಮಾಡಿಸಿದೆ. ನಾಲ್ಕೂ ಉಕ್ಕಲಿಲ್ಲ.

ನಾನು ಒಂದು ಗುಟುಕು ರುಚಿ ನೋಡಿದೆ. ಮೊದಲು ಸಿಹಿ ಬಂತು, ಹಿಂದಿನಿಂದ ಕಿರಾತಕಡ್ಡಿ ಬಂದು ಬೆನ್ನು ತಟ್ಟಿತು. ನನಗೆ ಒಂದೇ ಸಾಕು. ನನ್ನಾಕೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು ವೈನಿನಿಂದ ತನ್ನ ರಸ ಕೆಟ್ಟಿತು ಅಂದಳು. ಉಳಿದ ವೈನನ್ನು ಯಂತ್ರದಲ್ಲಿ ಮತ್ತೆ ಗ್ಯಾಸು ಹಾಕಿ ಗೋಲಿ ಬಾಟಲಿಯಲ್ಲಿಡೋಣವೇ ಎಂದು ಮಗಳು ಕೇಳಿದಳು. ಬೇಡ ಅಂದೆ. ಆ ಯಂತ್ರ ಉಸ್ತಾದರ ಕೈಯಿಂದ ಬಂದದ್ದು.

ಸೋಮವಾರ ಬೆಳಗಿನ ಬಸ್ಸಿಗೆ ಹೋದಳು. ಅವತ್ತು ನಾನು ಸುರಿದ ಸೋಡಾ ಒಂದೂ ಉಕ್ಕಲಿಲ್ಲ. ಮೊಣಕೈ ಪಕ್ಕೆ ಬಿಟ್ಟು ಏಳಲೊಲ್ಲದು. ಹತ್ತಿ ಮಾರಿ ಬಂದ ಹಳೆಯ ಗಿರಾಕಿಯೊಬ್ಬರು ಗ್ಲಾಸನ್ನು ನೋಡಿ, ಗ್ಯಾಸು ತೀರಿತೋ ಅಥವಾ ನಿನಗೇ ಮೈಯಲ್ಲಿ ಹುಷಾರಿಲ್ಲವೋ ಎಂದು ವಿಚಾರಿಸಿದರು. ಮೂರು ಗಂಟೆಗೆ ಫೋನ್ ಬಂತು. ಪಾಸು, ಅಂದಳು. ಆ ತರಬೇತಿಯೂ ಅವಳದೇ.

ಪರೀಕ್ಷಕರು ಏನಂದರು, ಯಾರು ಕಲಿಸಿದರು ಎಂದು ಕೇಳಿದರೇ ಅಂದೆ. ಕೇಳಲಿಲ್ಲವಂತೆ. ನನಗೆ ಸ್ವಲ್ಪ ಬೇಜಾರಾಯಿತು, ಮುಚ್ಚಿಡುವುದಿಲ್ಲ.

“ಏನೂ ಅನ್ನಲಿಲ್ಲಪ್ಪ. ಗ್ಲಾಸ್ ಬೆಳಕಿಗೆ ಹಿಡದ್ರು, ಒಂದ್ ಗುಟುಕು ಕುಡದ್ರು. ಮಾರ್ಕ್ಸ್ ಬರದ್ರು. ಆಮ್ಯಾಲ ಪೆನ್ ಇಟ್ಟು ಇನ್ನೊಂದ್ ಗುಟುಕು ಕುಡದ್ರು.”

ಫೋನ್ ಇಟ್ಟು ಹೊರಗೆ ಬಂದೆ. ಹತ್ತಿಯವರು ಇನ್ನೂ ಅಲ್ಲೇ ಇದ್ದರು. ಅವರ ಗ್ಲಾಸು ಇಸಿದುಕೊಂಡು ಹೊಸ ಲಿಂಬೆ ಹಿಂಡಿ, ಉಪ್ಪು ಹಾಕಿ, ಬಾಟಲಿಯನ್ನು ತಲೆಗಿಂತ ಒಂದು ಗೇಣು ಮೇಲೆತ್ತಿದೆ. ಅವರ ಅಂಗಿಯ ತೋಳು ತೊಯ್ದು ಹೋಯಿತು.