ಶೀನಣ್ಣನ ಬಲಗೈ

ಶೀನಣ್ಣ ಯಾರನ್ನು ನೋಡಿದರೂ ಮೊದಲು ಅವರ ಕೈ ನೋಡುತ್ತಿದ್ದರು. ಮುಖದ ಸರದಿ ಆಮೇಲೆ. ನಾನು ಮೊದಲ ದಿನ ಅವರ ಮನೆಗೆ ಹೋದಾಗ ಮಂಚದಲ್ಲಿ ಒರಗಿಕೊಂಡೇ ನನ್ನ ಅಂಗೈಗಳನ್ನು ತಿರುಗಿಸಿ ನೋಡಿ, "ಡಾಕ್ಟ್ರೆ, ನಿಮ್ಮ ಕೈಯಲ್ಲಿ ಬಲ ಉಂಟು, ತಾಳ್ಮೆ ಇಲ್ಲ" ಎಂದು ತೀರ್ಪು ಕೊಟ್ಟರು. ನಾನು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್ ಎಂದೆ. "ಅದೇ, ಕೈಯ ಡಾಕ್ಟ್ರು" ಎಂದರು. ಮುಗಿಯಿತು. ಅಲ್ಲಿಂದ ಮುಂದೆ ಆ ಮನೆಯಲ್ಲಿ ನಾನು ಡಾಕ್ಟ್ರೇ.

ಅವರ ಸ್ವಂತ ಬಲಗೈ ಮಾತ್ರ ಆಗ ಯಾರೋ ಮರೆತು ಬಿಟ್ಟುಹೋದ ಕೊಡೆಯ ಹಾಗೆ ಮಡಿಲಲ್ಲಿ ಬಿದ್ದಿತ್ತು. ಜೂನ್ ತಿಂಗಳ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬ್ರಶ್ ಕೈಯಿಂದ ಜಾರಿ ಬಿತ್ತಂತೆ. ಎತ್ತಿಕೊಳ್ಳಲು ಬಗ್ಗಿದವರು ಮತ್ತೆ ಏಳಲಿಲ್ಲ. ಸ್ಟ್ರೋಕ್. ಮಾತು ಒಂದು ತಿಂಗಳಲ್ಲಿ ಮರಳಿತು, ಕಾಲು ಕೋಲಿನ ಸಹಾಯದಿಂದ ನಡೆಯಿತು, ಕೈ ಮಾತ್ರ ಹಟ ಹಿಡಿಯಿತು. ಆಸ್ಪತ್ರೆಯ ಡಾಕ್ಟರು, "ಆರು ತಿಂಗಳೊಳಗೆ ಬಂದಷ್ಟು ಬಂತು, ಮತ್ತೆ ಬರುವುದು ಕಷ್ಟ" ಎಂದು ಹೇಳಿ ಕಳಿಸಿದ್ದರು. ಆ ಮಾತು ಮನೆಯ ಕ್ಯಾಲೆಂಡರಿಗೆ ಹತ್ತಿಕೊಂಡಿತು. ಡಿಸೆಂಬರಿನ ಒಂದು ತಾರೀಕಿಗೆ ಶೀನಣ್ಣ ಎಡಗೈಯಲ್ಲಿ ಸೊಟ್ಟಗೆ ಸುತ್ತು ಹಾಕಿದ್ದರು.

ಆ ಕೈಗೆ ಒಂದು ಹೆಸರಿತ್ತು. ಶೀನಣ್ಣನದು ತಲೆಮಾರುಗಳಿಂದ ಮೀನುಗಾರಿಕೆಯ ಮನೆ. ಅವರು ಇಪ್ಪತ್ತಾರು ವರ್ಷ ಸರಕು ಹಡಗಿನಲ್ಲಿ ಫಿಟ್ಟರ್ ಆಗಿದ್ದು ಊರಿಗೆ ಬಂದವರು. ಬಂದ ಮೇಲೆ ಹೊಟ್ಟೆಪಾಡಿಗೆ ಮೀನು ಹಿಡಿಯಬೇಕಾಗಿರಲಿಲ್ಲ. ಆದರೂ ಬೆಳಿಗ್ಗೆ ಮಣ್ಣಗುಡ್ಡದ ಮನೆಯಿಂದ ಇಳಿದು ಬೋಳೂರಿನ ಹೊಳೆಬದಿಗೆ ಹೋಗಿ ಬೀಸುಬಲೆ ಹಾಕದೆ ಅವರಿಗೆ ಚಹಾ ಇಳಿಯುತ್ತಿರಲಿಲ್ಲ. ಅವರು ಬೀಸಿದರೆ ಬಲೆ ಒಂದು ಮಡಿಕೆಯೂ ಇಲ್ಲದೆ ಪೂರ್ತಿ ಬಿಚ್ಚಿಕೊಂಡು ನೀರಿಗೆ ಬೀಳುತ್ತಿತ್ತು, ನೋಡಲೆಂದೇ ಜನ ನಿಲ್ಲುತ್ತಿದ್ದರು ಎಂದು ಅವರ ಹೆಂಡತಿ ಗಿರಿಜಕ್ಕ ಹೇಳುತ್ತಿದ್ದರು. ಶೀನಣ್ಣ ಮೊದಲ ದಿನ ನನ್ನನ್ನು ಕೇಳಿದ್ದೂ ಒಂದೇ ಪ್ರಶ್ನೆ.

"ಬಲೆ ಬೀಸ್ಲಿಕ್ಕೆ ಆಗ್ತದಾ?"

"ಪ್ರಯತ್ನ ಮಾಡುವ."

"ಅದು ಉತ್ತರ ಅಲ್ಲ ಡಾಕ್ಟ್ರೆ."

ಇಂಥ ಕೈಗಳಿಗೆ ಹಿಡಿತ ಬೇಗ ಬರುತ್ತದೆ, ಹಿಡಿದ ಬೆರಳನ್ನು ಬಿಡಿಸುವುದೇ ಬರುವುದಿಲ್ಲ. ಶೀನಣ್ಣ ಲೋಟ ಹಿಡಿಯುತ್ತಿದ್ದರು. ಕೆಳಗಿಡಬೇಕಾದರೆ ಎಡಗೈಯಲ್ಲಿ ಒಂದೊಂದೇ ಬೆರಳನ್ನು ಕೀಳಬೇಕಿತ್ತು. ಬಲೆ ಬೀಸುವುದೆಂದರೆ ಸರಿಯಾದ ಕ್ಷಣಕ್ಕೆ ಕೈ ಬಿಡುವುದೇ ತಾನೆ? ನಾನು ಹೇಳಿಕೊಟ್ಟ ವ್ಯಾಯಾಮವನ್ನು ಹದಿನೈದು ಸಲ ಮಾಡುವಷ್ಟರಲ್ಲಿ, "ಎಂತ ಇದು, ಎಲ್‌ಕೆಜಿ ಮಕ್ಕಳಾಟ" ಎಂದು ಗೊಣಗಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ನನಗೂ ಸಿಟ್ಟು ಬರುತ್ತಿತ್ತು. ತಾಳ್ಮೆಯ ವಿಷಯದಲ್ಲಿ ಅವರ ತೀರ್ಪು ತಪ್ಪಾಗಿರಲಿಲ್ಲ.

ಅಕ್ಟೋಬರ್ ಬಂತು. ಒಂದು ದಿನ ಅವರೇ ಫೋನ್ ಮಾಡಿ, "ನಾಳೆಯಿಂದ ಎಂಟು ಗಂಟೆಗೆ ಬೇಡ, ಐದೂವರೆಗೆ ಬನ್ನಿ" ಎಂದರು. ಯಾಕೆ ಎಂದರೆ, "ಪ್ಲೇಆಫ್ ಉಂಟು" ಎಂದರು. ಬೈದುಕೊಳ್ಳುತ್ತಲೇ ದೇರೆಬೈಲಿನ ನನ್ನ ಮನೆಯಿಂದ ಸ್ಕೂಟರಿನಲ್ಲಿ ಹೋದೆ. ಮಹಡಿಯಲ್ಲಿ ಮಗಳ ಸಂಸಾರ ಇನ್ನೂ ನಿದ್ದೆಯಲ್ಲಿತ್ತು. ಕೆಳಗೆ ಟಿವಿ ಮುಂದೆ ಶೀನಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮದುವೆಗೆ ಹೊರಟವರಂತೆ ಕುಳಿತಿದ್ದರು. ಟಿವಿಯಲ್ಲಿ ಅಮೆರಿಕದ ಬೇಸ್‌ಬಾಲ್.

ಹಡಗಿನಲ್ಲಿದ್ದ ಕಾಲದಲ್ಲಿ ಒಮ್ಮೆ ಎಂಜಿನ್ ಕೆಟ್ಟು, ಅಮೆರಿಕದ ಒಂದು ಬಂದರಿನಲ್ಲಿ ಇಡೀ ಅಕ್ಟೋಬರ್ ನಿಲ್ಲಬೇಕಾಯಿತಂತೆ. ನಾವಿಕರ ಕ್ಲಬ್ಬಿನ ಟಿವಿಯಲ್ಲಿ ಬೇರೇನೂ ಬರುತ್ತಿರಲಿಲ್ಲ. ಮೊದಲ ವಾರ ಏನೂ ಅರ್ಥವಾಗಲಿಲ್ಲ, ಎರಡನೇ ವಾರ ಊಟ ಬಿಟ್ಟು ನೋಡಿದರು. ಆ ಊರಿನ ತಂಡವೇ ಅಂದಿನಿಂದ ಅವರ ತಂಡ. ಹೊಡೆಯುವವರ ಮೇಲೆ ಅವರಿಗೆ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಮಣ್ಣಿನ ದಿಬ್ಬದ ಮೇಲೆ ನಿಂತು ಚೆಂಡು ಎಸೆಯುವ ಪಿಚರ್ ಒಬ್ಬನೇ ಅವರಿಗೆ ಮನುಷ್ಯ. "ಅವನ ಸೊಂಟ ನೋಡಿ. ಕೈಯಿಂದ ಬಿಸಾಡುವುದಲ್ಲ ಅದು. ಕಾಲಿನಿಂದ ಹೊರಟು, ಸೊಂಟ ದಾಟಿ, ಬೆರಳಿನ ತುದಿಯಲ್ಲಿ ಬಿಡುವುದು. ನಮ್ಮ ಬೀಸುಬಲೆಯೇ" ಎಂದು ನನಗೆ ಪಾಠ ಶುರುವಾಯಿತು. ಒಬ್ಬ ಪಿಚರ್ ಒಂದು ಪಂದ್ಯದಲ್ಲಿ ನೂರರ ಹತ್ತಿರ ಎಸೆಯುತ್ತಾನೆ ಎಂದಾಗ ನನ್ನ ನಿದ್ದೆ ಬಿಟ್ಟಿತು. ನೂರು! ನನಗೆ ಹದಿನೈದು ಸಿಗುತ್ತಿರಲಿಲ್ಲ.

"ಶೀನಣ್ಣ, ಅವನು ಒಂದು ಎಸೆದರೆ ನೀವೂ ಒಂದು ಎಸೆಯಬೇಕು. ಇಲ್ಲದಿದ್ದರೆ ನಾನು ಈ ಹೊತ್ತಿಗೆ ಬರುವುದಿಲ್ಲ" ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಗಿರಿಜಕ್ಕನನ್ನು ಕರೆದು ಬಲೆ ನೇಯುವ ನೂಲು ತರಿಸಿ, ಉಂಡೆ ಸುತ್ತಿಸಿದರು. ಗಿರಿಜಕ್ಕ ಹಳೆಯ ಮೀನಿನ ಬುಟ್ಟಿಯೊಂದನ್ನು ತೊಡೆಯ ನಡುವೆ ಇಟ್ಟುಕೊಂಡು ಎದುರಿಗೆ ಮಣೆಯ ಮೇಲೆ ಕುಳಿತರು. ಅಲ್ಲಿ ಟಿವಿಯಲ್ಲಿ ಎಸೆತ, ಇಲ್ಲಿ ಮಣ್ಣಗುಡ್ಡದಲ್ಲಿ ಎಸೆತ. ಎದುರು ತಂಡದವನು ಎಸೆಯುವಾಗ ನಮಗೆ ವಿಶ್ರಾಂತಿ, ಚಹಾ.

ಆ ಸುತ್ತಿನಲ್ಲಿ ಐದು ಪಂದ್ಯ. ಮೂರು ಗೆದ್ದವರು ಮುಂದಕ್ಕೆ. ಮೊದಲ ಪಂದ್ಯದಲ್ಲಿ ನಮ್ಮ ತಂಡದ ಪಿಚರ್ ಮೀಸೆ ಸರಿಯಾಗಿ ಮೂಡದ ಹುಡುಗ. ಅವನ ಚೆಂಡು ಎಷ್ಟು ಜೋರೆಂದರೆ ಹೊಡೆಯುವವರು ಬ್ಯಾಟ್ ಬೀಸುವಷ್ಟರಲ್ಲಿ ಅದು ದಾಟಿ ಹೋಗಿರುತ್ತಿತ್ತು. ಹನ್ನೊಂದು ಸಲ ಅವರು ಚೆಂಡು ಮುಟ್ಟಲಾಗದೆ ಹಿಂದೆ ಹೋದರು. ಶೀನಣ್ಣನ ಉಂಡೆ ಮಾತ್ರ ಆ ದಿನ ಅವರ ಕಾಲಬುಡದಲ್ಲೇ ಬೀಳುತ್ತಿತ್ತು, ಅಥವಾ ಬೆರಳಿಗೆ ಅಂಟಿಕೊಂಡು ಬೀಳುತ್ತಲೇ ಇರಲಿಲ್ಲ. ಆದರೂ ತೊಂಬತ್ತೆರಡು ಸಲ ಎಸೆದರು. ನಾನೇ ಎಣಿಸಿದೆ. ಎರಡನೇ ಪಂದ್ಯವನ್ನೂ ನಮ್ಮವರೇ ಗೆದ್ದರು. ಉಂಡೆ ಆರು ಸಲ ಬುಟ್ಟಿಯೊಳಗೆ ಬಿತ್ತು. ಗಿರಿಜಕ್ಕ ಆರು ಸಲವೂ ಬುಟ್ಟಿಯೊಳಗೆ ಇಣುಕಿ ನೋಡಿ ಖಾತ್ರಿ ಮಾಡಿಕೊಂಡರು.

ಮೂರನೇ ಪಂದ್ಯದಲ್ಲಿ ಬಂದವನು ಗಡ್ಡದವನು. ವಯಸ್ಸು ಮೂವತ್ತೆಂಟು, ಆ ಆಟಕ್ಕೆ ಅದು ಮುದಿ ವಯಸ್ಸು. ಮೊಣಕೈಗೆ ಆಪರೇಷನ್ ಆಗಿ ಒಂದೂವರೆ ವರ್ಷ ಮನೆಯಲ್ಲಿ ಕೂತು ಬಂದವನಂತೆ. ಶೀನಣ್ಣನಿಗೆ ಇಷ್ಟು ಸಾಕಾಯಿತು. ಅವನು ನಮ್ಮ ಮನೆಯವನೇ ಆಗಿಬಿಟ್ಟ. ಅವನ ಚೆಂಡಿಗೆ ವೇಗ ಇರಲಿಲ್ಲ. ನೇರ ಬರುತ್ತಿದ್ದದ್ದು ಕೊನೆಯ ಗಳಿಗೆಯಲ್ಲಿ ಕೆಳಕ್ಕೆ ಇಳಿಯುತ್ತಿತ್ತು, ಹೊಡೆಯುವವರು ಗಾಳಿಗೆ ಹೊಡೆದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಹೊಡೆಯುವವರ ಒಂಬತ್ತು ಸರದಿಗಳಲ್ಲಿ ಐದು ಮುಗಿಯಿತು, ಆರು ಮುಗಿಯಿತು, ಒಬ್ಬನಿಗೂ ಸರಿಯಾದ ಒಂದು ಹೊಡೆತ ಸಿಗಲಿಲ್ಲ. ಇಡೀ ಪಂದ್ಯ ಹೀಗೇ ಒಂಬತ್ತು ಸರದಿ ದಾಟಿದರೆ ಆ ಪಿಚರನ ಹೆಸರು ಶಾಶ್ವತ. ಅಂಥದ್ದು ಬಹಳ ಅಪರೂಪ. ಅವನು ಬಂದು ಕೂತಾಗ ತಂಡದವರು ಯಾರೂ ಹತ್ತಿರ ಹೋಗದೆ, ಮಾತಾಡದೆ, ಬೆಂಚಿನ ಆಚೆ ತುದಿಗೆ ಸರಿದು ಕುಳಿತಿದ್ದರು.

"ಅದು ಅವರ ಪದ್ಧತಿ," ಶೀನಣ್ಣ ಪಿಸುಗುಟ್ಟಿದರು. "ಆಗ್ತಾ ಇರುವಾಗ ಅದರ ಬಗ್ಗೆ ಮಾತಾಡ್ಲಿಕ್ಕಿಲ್ಲ. ಅವರೂ ನಮ್ಮ ಹಾಗೆಯೇ ಡಾಕ್ಟ್ರೆ."

ನಮ್ಮ ಕರಾವಳಿಯಲ್ಲಿ ಹೊರಟವರನ್ನು ಎಲ್ಲಿಗೆಂದು ಕೇಳುವುದಿಲ್ಲ. ಕಡಲಿಗೆ ಇಳಿಯುವವರನ್ನಂತೂ ಏನನ್ನೂ ಕೇಳುವುದಿಲ್ಲ. ನಾನು ಬಂಟರ ಮನೆಯ ಹುಡುಗಿ, ಮೀನುಗಾರರ ಪೈಕಿ ಅಲ್ಲ. ಆದರೂ ಇದನ್ನು ತಿಳಿಯದಷ್ಟು ಹೊರಗಿನವಳೇನಲ್ಲ.

ಆದರೆ ಆ ಬೆಳಿಗ್ಗೆ ನನ್ನ ಕಣ್ಣು ಟಿವಿಯ ಮೇಲಿರಲಿಲ್ಲ. ಶೀನಣ್ಣನ ಬೆರಳುಗಳು ಬಿಡಿಸಿಕೊಳ್ಳುತ್ತಿದ್ದವು. ಮೂರನೇ ಸರದಿಯಿಂದ ಈಚೆಗೆ ಉಂಡೆ ಒಂದು ಸಲವೂ ಬುಟ್ಟಿ ತಪ್ಪಿರಲಿಲ್ಲ. ಮೂರು ತಿಂಗಳಿನಿಂದ ನಾನು ಕಾಯುತ್ತಿದ್ದದ್ದು ಕಣ್ಣೆದುರು ನಡೆಯುತ್ತಿತ್ತು. ಏಳನೇ ಸರದಿಯ ಮಧ್ಯೆ ತಡೆದುಕೊಳ್ಳಲಾಗದೆ, "ಶೀನಣ್ಣ! ಒಂದೂ ತಪ್ಪಲೇ ಇಲ್ಲ ಅಲ್ವಾ!" ಎಂದುಬಿಟ್ಟೆ.

ಗಿರಿಜಕ್ಕನ ಕೈ ಬಾಯಿಗೆ ಹೋಯಿತು. ಟಿವಿಯಲ್ಲಿ ಟಕ್ಕೆಂದು ಸದ್ದು. ಚೆಂಡು ಎಲ್ಲರ ತಲೆಯ ಮೇಲಿಂದ ಹಾರಿ ಹಸಿರು ಹುಲ್ಲಿನ ಮೇಲೆ ಬಿತ್ತು. ಶೀನಣ್ಣನ ಉಂಡೆ ಬೆರಳಿನಲ್ಲಿ ಸಿಕ್ಕಿ, ಬುಟ್ಟಿಗೆ ಒಂದು ಮಾರು ಈಚೆ ಬಿತ್ತು. ಅಲ್ಲಿಂದ ಗಡ್ಡದವನೂ ಉಳಿಯಲಿಲ್ಲ, ಪಂದ್ಯವೂ ಉಳಿಯಲಿಲ್ಲ.

"ನೀನು ಈ ಊರಿನವಳು ಹೌದಾ ಅಲ್ವಾ?" ಶೀನಣ್ಣ ಕೇಳಿದರು. ನನ್ನನ್ನು ಅವರು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ನಾನೂ ಬಿಡಲಿಲ್ಲ. "ಅಮೆರಿಕದಲ್ಲಿ ಎಸೆಯುವವನಿಗೆ ನಾನು ಇಲ್ಲಿ ಹೇಳಿದ್ದು ಕೇಳಿಸ್ತದಾ ಶೀನಣ್ಣ?"

"ನನಗೆ ಕೇಳಿಸಿತು" ಎಂದರು.

ಎರಡು ದಿನ ಗೇಟಿನವರೆಗೆ ಹೋಗಿ ವಾಪಸ್ಸು ಬಂದೆ. ಗಿರಿಜಕ್ಕ ಗೇಟಿನಲ್ಲೇ, "ಇವತ್ತು ಬೇಡ ಮಗಾ, ಕೈ ಮುಟ್ಟಲಿಕ್ಕೆ ಬಿಡುವುದಿಲ್ಲ" ಎಂದು ಸಣ್ಣ ಮುಖ ಮಾಡಿ ಹೇಳುತ್ತಿದ್ದರು. ನಾಲ್ಕನೇ ಪಂದ್ಯವನ್ನು ನಮ್ಮವರು ಸೋತರೆಂದು ನನ್ನ ಫೋನಿನಲ್ಲಿ ನೋಡಿದೆ. ಕೆಲಸವಿಲ್ಲದೆ ಎರಡು ದಿನ ಬಿಟ್ಟರೆ ಅಂಥ ಬೆರಳುಗಳು ಮತ್ತೆ ಮುದುಡುತ್ತವೆ. ಕ್ಯಾಲೆಂಡರಿನ ಆ ಸುತ್ತು ಹತ್ತಿರ ಬರುತ್ತಿತ್ತು. ನನ್ನ ಒಂದು ಬಾಯಿಮಾತಿನಿಂದ ಒಬ್ಬರ ಕೈ ಹೋಗುತ್ತದೆಯೇ ಎಂದು ನಿಜವಾಗಿಯೂ ಹೆದರಿದೆ. ಓದಿದ ಪುಸ್ತಕ ಯಾವುದೂ ಆ ಹೆದರಿಕೆಗೆ ಮದ್ದು ಹೇಳಿರಲಿಲ್ಲ.

ಮೂರನೇ ದಿನ ಐದನೇ ಪಂದ್ಯ, ಗೆದ್ದರೆ ಮುಂದೆ, ಸೋತರೆ ಮನೆಗೆ. ಐದೂವರೆಗೆ ಹೋಗಿ, ಯಾರನ್ನೂ ಕೇಳದೆ ಒಳಗೆ ನಡೆದು, ನೂಲುಂಡೆಯನ್ನು ಶೀನಣ್ಣನ ಬಲಗೈಯಲ್ಲಿಟ್ಟು ನೆಲದ ಮೇಲೆ ಕುಳಿತೆ. ಮಾತಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ, ಅದೂ ಮಾತೇ ಅಲ್ಲವೇ! ಅವರು ಉಂಡೆಯನ್ನು ನೋಡಿದರು, ಟಿವಿ ನೋಡಿದರು, ಎಸೆದರು.

ಆರನೇ ಸರದಿಗೆ ಯಾರೂ ನೆನೆಸದ ಹಾಗೆ ಗಡ್ಡದವನು ಮತ್ತೆ ಬಂದ. ಎರಡೇ ದಿನದ ವಿಶ್ರಾಂತಿ. ಮೊಣಕೈ ನೋಯುತ್ತಿದ್ದದ್ದು ಅವನ ಮುಖದಲ್ಲೇ ಕಾಣುತ್ತಿತ್ತು. ಒಂಬತ್ತನೇ ಸರದಿವರೆಗೂ ಎಳೆದುಕೊಂಡು ಬಂದ. ಇನ್ನೊಬ್ಬನನ್ನು ಔಟ್ ಮಾಡಿದರೆ ಗೆಲುವು ಎಂಬಲ್ಲಿ ಮ್ಯಾನೇಜರ್ ಮೈದಾನದೊಳಗೆ ನಡೆದು ಬಂದು, ಇನ್ನು ಸಾಕೆಂದು ಚೆಂಡಿಗೆ ಕೈ ಚಾಚಿದ. ಗಡ್ಡದವನು ಒಂದು ಕ್ಷಣ ನಿಂತ. ಆಮೇಲೆ ಚೆಂಡನ್ನು ಬಿಸಾಡದೆ, ಅವನ ಅಂಗೈಯಲ್ಲಿ ಮೆಲ್ಲಗೆ ಇಟ್ಟು ಹೊರಗೆ ನಡೆದ. ಉಳಿದದ್ದನ್ನು ಇನ್ನೊಬ್ಬ ಬಂದು ಮುಗಿಸಿದ. ಗೆದ್ದರು.

ಶೀನಣ್ಣ ಗೆಲುವಿನ ಗದ್ದಲವನ್ನು ನೋಡಲೇ ಇಲ್ಲ. "ಕಂಡಿರಾ ಡಾಕ್ಟ್ರೆ? ಕೈಯಲ್ಲಿ ಇಟ್ಟು ಹೋದ. ಅವನಿಗೆ ಮನಸ್ಸಿರಲಿಲ್ಲ, ಆದರೂ ಇಟ್ಟು ಹೋದ" ಎಂದರು. ಬಹುವಚನ ಮರಳಿತ್ತು.

ಪ್ಲೇಆಫ್ ಮುಗಿದ ಮೇಲೂ ಉಂಡೆ, ಬುಟ್ಟಿ, ಮಣೆ ನಿಲ್ಲಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ನಾನು ಗೇಟು ತೆಗೆಯುವಾಗ ಗಂಡ ಹೆಂಡತಿ ಇಬ್ಬರೂ ಮೆಟ್ಟಿಲಿಳಿಯುತ್ತಿದ್ದರು. ಗಿರಿಜಕ್ಕನ ತಲೆಯ ಮೇಲೆ ಬಲೆ, ಕೈಯಲ್ಲಿ ಬಕೆಟು. ಕ್ಯಾಲೆಂಡರಿನ ಸುತ್ತಿಗೆ ಇನ್ನೂ ನಾಲ್ಕು ದಿನ ಇತ್ತು. ನಾನು ಸ್ಕೂಟರ್ ನಿಲ್ಲಿಸಿ, ಏನೂ ಕೇಳದೆ ಹಿಂದೆ ನಡೆದೆ. ಶೀನಣ್ಣ ಒಮ್ಮೆ ತಿರುಗಿ ನೋಡಿ ಕೋಲೂರುತ್ತ ಮುಂದೆ ಹೋದರು.

ಬೋಳೂರಿನ ನೀರು ಇಳಿದಿತ್ತು. ಮೊಣಕಾಲು ನೀರಿನಲ್ಲಿ ನಿಂತು, ಹಗ್ಗವನ್ನು ಎಡ ಮಣಿಕಟ್ಟಿಗೆ ಸುತ್ತಿ, ಬಲೆಯ ಮಡಿಕೆಗಳನ್ನು ಬಲಗೈಗೆ ಕೊಟ್ಟರು. ಮೊದಲ ಬೀಸಿಗೆ ಬಲೆ ಒದ್ದೆ ಬಟ್ಟೆಯ ಗಂಟಿನ ಹಾಗೆ ದೊಪ್ಪೆಂದು ಬಿತ್ತು. ಎರಡನೆಯದೂ ಹಾಗೆಯೇ. ಗಿರಿಜಕ್ಕ ಎರಡು ಸಲವೂ ಬಲೆಯನ್ನು ಎಳೆದು, ಕೊಡವಿ, ಮತ್ತೆ ಮಡಿಸಿಕೊಟ್ಟರು. ಮೂರನೆಯ ಸಲ ಸೊಂಟ ತಿರುಗಿತು, ಭುಜ ತಿರುಗಿತು, ಬೆರಳು ಬಿಟ್ಟಿತು. ಬಲೆ ಪೂರ್ತಿ ಬಿಚ್ಚಲಿಲ್ಲ. ಒಂದು ಬದಿ ಮುರಿದ ಹಪ್ಪಳದಂತೆ ಬಿಚ್ಚಿಕೊಂಡು ನೀರಿಗೆ ಬಿತ್ತು. ಸೀಸದ ಗುಂಡುಗಳು ಒಟ್ಟಿಗೆ ನೀರು ಮುಟ್ಟಿದ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಎಳೆದಾಗ ಎರಡು ಕಾಣೆ ಮೀನು, ಒಂದಿಷ್ಟು ಪಾಚಿ.

ಇನ್ನೊಂದು ಬೀಸುತ್ತಾರೆಂದುಕೊಂಡೆ. ಅವರು ಬಲೆಯನ್ನು ಬಾಚಿಕೊಂಡು ದಡಕ್ಕೆ ಬಂದು, ನೀರು ಸುರಿಯುತ್ತಿದ್ದಂತೆಯೇ ನನ್ನ ಎರಡೂ ಕೈಗಳ ಮೇಲೆ ಇಟ್ಟು, ಬೆರಳುಗಳನ್ನು ತಾವೇ ಬಿಡಿಸಿಕೊಂಡರು.

"ಸಾಕು ಡಾಕ್ಟ್ರೆ. ನಾಳೆಯಿಂದ ಬರುವುದು ಬೇಡ. ಅದರಲ್ಲಿ ಒಂದು ಕಾಣೆ ನಿಮಗೆ" ಎಂದರು.

ಆಮೇಲೆ ಬೆಳಗಿನ ಹೊತ್ತು ಆ ದಾರಿಯಲ್ಲಿ ಹೋಗುವಾಗ ಎರಡು ಮೂರು ಸಲ ಅವರು ದಡದಲ್ಲಿ ಕೂತದ್ದು ಕಂಡಿದ್ದೆ. ನಾನು ಹಾರ್ನ್ ಹೊಡೆದರೆ ಬಲಗೈ ಎತ್ತುತ್ತಿದ್ದರು, ಬೆರಳೈದೂ ಬಿಡಿಸಿ, ನನಗೆ ತೋರಿಸಲೆಂದೇ. ಈ ವರ್ಷ ಆಗಸ್ಟಿನಲ್ಲಿ ಇನ್ನೊಂದು ಸ್ಟ್ರೋಕ್ ಆಯಿತು. ಬಜಪೆಯಲ್ಲಿ ಒಬ್ಬರು ಅಜ್ಜಿಗೆ ನಡೆಯಲು ಕಲಿಸುತ್ತಿದ್ದಾಗ ಶೀನಣ್ಣನ ಮಗಳ ಫೋನ್ ಬಂತು. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಕೈ ಹಿಡಿದು ನೋಡಿದೆ, ಅಭ್ಯಾಸ.

ಮೊನ್ನೆ ಮತ್ತೆ ಪ್ಲೇಆಫ್ ಶುರುವಾಯಿತು. ಯಾರೂ ಕರೆದಿರಲಿಲ್ಲ. ಆದರೂ ನಾಲ್ಕೂಮುಕ್ಕಾಲಿಗೆ ಎಚ್ಚರವಾಯಿತು, ಸ್ಕೂಟರ್ ತಾನಾಗಿಯೇ ಮಣ್ಣಗುಡ್ಡದ ಕಡೆ ತಿರುಗಿತು. ಮನೆಯ ಕೆಳಗಿನ ದೀಪ ಉರಿಯುತ್ತಿತ್ತು, ಬಾಗಿಲು ತೆರೆದೇ ಇತ್ತು. ಗಿರಿಜಕ್ಕ ಟಿವಿ ಹಾಕಿಕೊಂಡು, ಬುಟ್ಟಿಯನ್ನು ತೊಡೆಯ ನಡುವೆ ಇಟ್ಟುಕೊಂಡು ಮಣೆಯ ಮೇಲೆ ಕುಳಿತಿದ್ದರು. ಯಾಕೆ ಬಂದೆ ಎಂದು ಅವರು ಕೇಳಲಿಲ್ಲ. ಯಾರಿಗೆ ಬುಟ್ಟಿ ಹಿಡಿದಿದ್ದೀರಿ ಎಂದು ನಾನೂ ಕೇಳಲಿಲ್ಲ. ಶೀನಣ್ಣನ ಕುರ್ಚಿಯ ಮೇಲೆ ನೂಲುಂಡೆ ಇತ್ತು. ತೆಗೆದುಕೊಂಡು ಕುಳಿತೆ.

ಟಿವಿಯಲ್ಲಿ ಗಡ್ಡದವನು ಇರಲಿಲ್ಲ, ಯಾರೋ ಹೊಸಬ. ಅವನು ಮೊದಲ ಚೆಂಡು ಎಸೆದ. ನಾನೂ ಎಸೆದೆ. ಬುಟ್ಟಿಯೊಳಗೇ ಬಿತ್ತು. ಗಿರಿಜಕ್ಕ ಇಣುಕಿ ನೋಡಿ, ಉಂಡೆಯನ್ನು ತೆಗೆದು, ಒಂದು ಮಾತೂ ಆಡದೆ ನನಗೆ ವಾಪಸ್ಸು ಕೊಟ್ಟರು.