ಟಿಂಗ್ ಮನೆಯ ಹಾಜರಿ

ಕೆಳಗಿನ ಮಹಡಿಯ ಚೀನೀ ದಂಪತಿಗೆ ಮಗುವಾಗಿದೆ. ಹೋದ ವಾರದಿಂದ ಬಯಾನ್ ಲೆಪಾಸ್‌ನ ನಮ್ಮ ಕಾಂಡೊದ ಲಿಫ್ಟಿನೊಳಗೆಲ್ಲ ಶುಂಠಿ, ಎಳ್ಳೆಣ್ಣೆ, ಅನ್ನದಿಂದ ಹುದುಗಿಸಿದ ಕೆಂಪು ಮದ್ಯ ಒಟ್ಟಿಗೆ ಕುದಿಯುವ ವಾಸನೆ. ನನ್ನ ಮಗಳು ಮೂಗು ಮುಚ್ಚಿಕೊಂಡು, "ಸೋ ಸ್ಮೆಲ್ಲಿ ಲಾ, ಮಮ್ಮಿ" ಎಂದಳು. ನಾನು ಇಳಿಯಬೇಕಾದ ಮಹಡಿ ಬಂದು ಹೋದರೂ ನಿಂತೇ ಇದ್ದೆ. ಅದು ಬಾಣಂತಿಯ ಸಾರಿನ ವಾಸನೆ. ನಾನು ಬೆಳೆದ ಊರಿನ ಎಲ್ಲ ಅಡುಗೆಮನೆಗಳಲ್ಲೂ ಇದೇ ವಾಸನೆ ಇರುತ್ತಿತ್ತು.

ಕಂಪುಂಗ್ ಕಾನಾನ್ ಎಂಬ ಆ ಊರು ಪೆರಾಕ್‌ನ ರಬ್ಬರ್ ತೋಟಗಳ ನಡುವೆ ಇತ್ತು. ಒಬ್ಬ ಪಾದ್ರಿಯ ಬೆನ್ನು ಹಿಡಿದು ಚೀನಾದಿಂದ ಹಡಗು ಹತ್ತಿ ಬಂದ ಕ್ರೈಸ್ತ ಕುಟುಂಬಗಳು ಕಾಡು ಕಡಿದು, ಚೀಟಿ ಎತ್ತಿ ಜಾಗ ಹಂಚಿಕೊಂಡು, ಮನೆಗಿಂತ ಮೊದಲು ಚರ್ಚು ಕಟ್ಟಿ ನೆಲೆಸಿದ್ದರು. ಜೂಜು, ಅಫೀಮು, ಮದ್ಯ ಯಾವುದೂ ಊರೊಳಗೆ ಬರಬಾರದೆಂದು ಹಿರಿಯರು ಕಟ್ಟಳೆ ಮಾಡಿದ್ದರು. ಹೆಂಗಸರು ಮಾತ್ರ ಬಾಣಂತಿಗೆ, ಹುಟ್ಟುಹಬ್ಬಕ್ಕೆ ಎಂದು ಮನೆಗೊಂದು ಜಾಡಿ ಹುದುಗಿಸುತ್ತಿದ್ದರು. ಅದನ್ನು ಯಾರೂ ಮದ್ಯ ಎನ್ನುತ್ತಿರಲಿಲ್ಲ. ಉಡುಪಿಯಿಂದ ಬಂದ ಅಪ್ಪ ಅಲ್ಲಿ ಡಾಕ್ಟರು. ನಾವು ಟಿಂಗ್ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಮುಂಭಾಗದಲ್ಲಿ ಆಮಾ ಇದ್ದರು; ಆಮಾ ಎಂದರೆ ಅಲ್ಲಿಯವರ ಮಾತಿನಲ್ಲಿ ಅಜ್ಜಿ. ನಿವೃತ್ತ ಟೀಚರು, ಮದುವೆಯಾಗದವರು, ಟಿಂಗ್ ಮನೆತನದ ಕೊನೆಯವರು. ನನ್ನ ಅಮ್ಮ ಒಂದೇ ಒಂದು ಷರತ್ತು ಹಾಕಿದ್ದಳು: "ಆಮಾನ ಹತ್ರ ಹೋಗು, ಬೇಡ ಹೇಳುದಿಲ್ಲ. ಆದ್ರೆ ಅಲ್ಲಿ ಎಂತದೂ ತಿನ್ನುಕಿಲ್ಲ."

ಊರು ಹುಟ್ಟಿದ ದಿನ ವರ್ಷಕ್ಕೊಮ್ಮೆ ಚರ್ಚಿನಲ್ಲಿ ಹಾಜರಿ ಕರೆಯುತ್ತಿದ್ದರು. ಹಡಗಿನಲ್ಲಿ ಬಂದ ಒಂದೊಂದೇ ಮನೆಯ ಹೆಸರು ಓದಿದಾಗ ಆ ಮನೆಯವರೊಬ್ಬರು ಎದ್ದು "ಇದ್ದೇವೆ" ಎನ್ನಬೇಕು. ಸತತ ಮೂರು ವರ್ಷ ದನಿ ಬಾರದಿದ್ದರೆ ಆ ಹೆಸರು ಎರಡನೆಯ ಪಟ್ಟಿಗೆ ಹೋಗುತ್ತಿತ್ತು. ಅದನ್ನು ಕೊನೆಯಲ್ಲಿ ಓದುತ್ತಿದ್ದರು, ಅದಕ್ಕೆ ಯಾರೂ ಉತ್ತರ ಕೊಡುವಂತಿರಲಿಲ್ಲ. ಹಡಗಿನಲ್ಲಿ ಅನಾಥ ಮಕ್ಕಳೂ ಇದ್ದದ್ದರಿಂದ, ಮನೆಯವರೆಂದರೆ ಆ ಮನೆಯ ಒಲೆಯದ್ದು ಉಂಡವರು ಎಂದು ಹಿರಿಯರು ಬರೆದಿಟ್ಟಿದ್ದರು.

ನನಗೆ ಒಂಬತ್ತು ವರ್ಷವಾಗುವ ಹೊತ್ತಿಗೆ ಆಮಾಗೆ ಎರಡು ವರ್ಷದ ಹಾಜರಿ ತಪ್ಪಿಹೋಗಿತ್ತು. ಎರಡು ಸಲವೂ ಆಸ್ಪತ್ರೆಯಲ್ಲಿದ್ದರು. ಮೂರನೆಯ ವರ್ಷ ಬಂದು ಕುಳಿತರು, ಆದರೆ ಗಂಟಲಿನ ಆಪರೇಷನ್ ಅವರ ದನಿಯನ್ನೇ ತೆಗೆದುಕೊಂಡಿತ್ತು. ಟಿಂಗ್ ಎಂದು ಕರೆದಾಗ ಎದ್ದು ನಿಂತು ಬಾಯಿ ತೆರೆದರು, ಬರೀ ಗಾಳಿ ಬಂತು. ಎದುರಿಗೇ ನಿಂತಿದ್ದವರನ್ನು ಇಲ್ಲವೆಂದು ಬರೆಯುವುದು ಹೇಗೆ ಎಂದು ನೀವು ಕೇಳಬಹುದು. ಕಟ್ಟಳೆ ದನಿ ಕೇಳುತ್ತದೆ, ಕಾಲನ್ನಲ್ಲ ಎಂಬ ಜಾತಿಯ ಜನ ಅವರು. ಓದುತ್ತಿದ್ದ ಹಿರಿಯ ಪೆನ್ನು ತೆಗೆದ. ನಾನು ಎದ್ದು "ಇದ್ದೇವೆ" ಎಂದುಬಿಟ್ಟೆ, ಗಾಬರಿಯಲ್ಲಿ ಕನ್ನಡದಲ್ಲೇ.

"ನೀನು ಟಿಂಗ್ ಒಲೆಯದ್ದು ಉಂಡಿದ್ದೀಯಾ?" ಎಂದು ಹಿರಿಯ ಇಂಗ್ಲಿಷಿನಲ್ಲಿ ಕೇಳಿದ. ಅತಿಥಿಗಳ ಬೆಂಚಿನಲ್ಲಿ ಅಮ್ಮ ಕುಳಿತಿದ್ದಳು. ಆಮಾ ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿದರು. ನಮ್ಮಿಬ್ಬರ ಗುಟ್ಟಿಗಾಗಿ ಅವರು ಮನೆಯ ಹೆಸರನ್ನೇ ಬಿಡಲು ಸಿದ್ಧರಿದ್ದರು. "ಹೌದು. ಕೆಂಪು ಸೂಪಿನ ಶಾವಿಗೆ. ಕೋಳಿ ಹಾಕಿದ್ದು," ಎಂದೆ. ಪೆನ್ನು ಜೇಬಿಗೆ ಹೋಯಿತು. ಹಿಂತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ದಾರಿಯುದ್ದಕ್ಕೂ ಅಮ್ಮ ನನ್ನ ಮುಂದೆ ಬಿರಬಿರನೆ ನಡೆದಳು. ಗೇಟಿನ ಹತ್ತಿರ, "ಎಷ್ಟು ಸಲ?" ಎಂದಳು. "ಹುಟ್ಟುಹಬ್ಬಕ್ಕೆ ಮಾತ್ರ." "ಯಾರದ್ದು?" "ನಂದು, ಆಮಾಂದು, ಅವರ ಬೆಕ್ಕಿಂದು." ಅಮ್ಮ ನನಗೆ ತಲೆಸ್ನಾನ ಮಾಡಿಸಿದಳು, ಊಟದ ಹೊತ್ತಿಗೂ ಮುಖ ಬಿಗಿದುಕೊಂಡೇ ಇದ್ದಳು. ಮುಂದಿನ ವರ್ಷ ಹಾಜರಿಯ ಬೆಳಿಗ್ಗೆ ಮಾತ್ರ ನನ್ನ ಫ್ರಾಕಿಗೆ ತಾನೇ ಇಸ್ತ್ರಿ ಹಾಕಿ, "ಹೋಗು, ಗಟ್ಟಿಯಾಗಿ ಹೇಳು. ಆಮಾಂಗೆ ಕೇಳ್ಬೇಕು," ಎಂದಳು.

ಅಪ್ಪನಿಗೆ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಸಿಕ್ಕಿದ ಮೇಲೂ ನಾವು ಪ್ರತಿ ವರ್ಷ ಹಾಜರಿಗೆ ಬಸ್ಸು ಹತ್ತುತ್ತಿದ್ದೆವು. ನಾನು ಮಣಿಪಾಲದಲ್ಲಿ ಓದುತ್ತಿದ್ದಾಗ ಆಮಾ ತೀರಿಕೊಂಡರು. ಇನ್ನು ಟಿಂಗ್ ಮನೆಗೆ ನೀನೊಬ್ಬಳೇ ಎಂದು ನೆರೆಯವರು ಕಾಗದ ಬರೆದರು. ಆ ವರ್ಷ ಪರೀಕ್ಷೆ ಇತ್ತು. ಮರುವರ್ಷವೂ ಇತ್ತು. ಮೂರನೆಯ ವರ್ಷ ಪರೀಕ್ಷೆ ಇರಲಿಲ್ಲ. ಗೆಳತಿಯರ ಜೊತೆ ಗೋವೆಗೆ ಹೋಗಿದ್ದೆ. ಈ ಮಾತನ್ನು ಅಮ್ಮನಿಗೆ ನಾನು ಇಂದಿಗೂ ಹೇಳಿಲ್ಲ.

ಹೋದ ವರ್ಷ ಒಬ್ಬಳೇ ಕಾರು ಓಡಿಸಿಕೊಂಡು ಹೋದೆ. ಮನೆಯ ಜಾಗದಲ್ಲಿ ಟೈರ್ ಅಂಗಡಿ ಇದೆ. ಚರ್ಚಿನಲ್ಲಿ ಮೊದಲನೆಯ ಪಟ್ಟಿ ಬಹಳ ಬೇಗ ಮುಗಿಯಿತು. ಎರಡನೆಯದು ಉದ್ದವಾಗಿತ್ತು, ಅದರ ನಡುವೆಲ್ಲೋ ಟಿಂಗ್ ಬಂದು ಹೋಯಿತು. ಯಾರೂ ಉತ್ತರ ಕೊಡಲಿಲ್ಲ, ನಾನೂ ಕೊಡಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಕುಳಿತಿದ್ದೆ. ಹೊರಡುವಾಗ ಬಾಗಿಲಲ್ಲಿ ರಿಜಿಸ್ಟರ್ ಹಿಡಿದಿದ್ದ ಹುಡುಗಿ, "ಆಂಟಿ, ಯಾವ ಮನೆಯವರು?" ಎಂದು ಕೇಳಿದಳು.

"ಯಾವ ಮನೆಯವಳೂ ಅಲ್ಲ," ಎಂದೆ. "ಇಲ್ಲಿ ಬಾಡಿಗೆಗಿದ್ದೆವು."